ಮೇಜು ಬಿಟ್ಟೇಳುವವನ ಕೈ

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ದೂರು ಬಂತು. ರಾಜ್ಯದ ಜೂಜು ನಿಯಂತ್ರಣ ಮಂಡಳಿಯ ಕಪಾಟಿನಲ್ಲಿ ಸಾಕ್ಷ್ಯವಾಗಿ ಇಟ್ಟಿದ್ದ ಮೋಸದ ದಾಳಗಳು ಮಾಯ. ಅದೇ ಪೊಟ್ಟಣದಲ್ಲಿ ಈಗ ಸಾಚಾ ದಾಳಗಳು. ಕಾಪರ್ ವೆಲ್ಸ್ ಊರಿನ ಕ್ಯಾಸಿನೊದವರೇ ಬಳಸುತ್ತಿದ್ದ ಆ ಮೋಸದ ದಾಳಗಳನ್ನು ಹಿಡಿದುಕೊಟ್ಟವಳು ಅಲ್ಲೇ ದಾಳದ ಮೇಜು ನಡೆಸುವ ಲೊರೆಟ್ಟಾ ಕ್ವಿಗ್. ನಾಳೆಯ ವಿಚಾರಣೆಯಲ್ಲಿ ಸಾಕ್ಷ್ಯ ಬಿದ್ದುಹೋದರೆ ಅವಳ ಲೈಸೆನ್ಸ್ ಹೋಗುತ್ತದೆ, ಸುಳ್ಳು ದೂರಿನ ಕೇಸೂ ಮೈಮೇಲೆ ಬರುತ್ತದೆ.

ಇನ್ಸ್‌ಪೆಕ್ಟರ್ ಟ್ಯಾಕೆಟ್ ಎಫ್‌ಐಆರ್ ಬರೆಸಿ, ಪಂಚನಾಮೆ ಮುಗಿಸಿ, ಕ್ಯಾಮೆರಾದ ಟೇಪು ಹಾಕಿಸಿದ. ಹಿಂದಿನ ಸಂಜೆ ಆರೂವರೆ. ಅಗಲ ಟೋಪಿ, ಉದ್ದ ಕೋಟು, ಮುಖ ಕಾಣದು. ಆಕೃತಿ ಕಪಾಟು ಮುಚ್ಚಿತು, ಒಮ್ಮೆ ಚಪ್ಪಾಳೆ ತಟ್ಟಿತು, ಎರಡೂ ಅಂಗೈ ಮೇಲೆತ್ತಿ ತಿರುವಿ ತೋರಿಸಿ ಹೊರಟಿತು.

"ನಿಲ್ಸು," ಟ್ಯಾಕೆಟ್ ಕುರ್ಚಿಯ ತುದಿಗೆ ಬಂದಿದ್ದ. "ಇದು ಮೇಜು ನಡೆಸೋರ ಅಭ್ಯಾಸ. ಏನೂ ಕದ್ದಿಲ್ಲ ಅಂತ ಮೇಲಿನ ಕ್ಯಾಮೆರಾಗೆ ಕೈ ತೋರಿಸ್ದೆ ಅವರು ಮೇಜು ಬಿಡೋ ಹಾಗಿಲ್ಲ."

"ಹಾಗಾದ್ರೆ ಕ್ವಿಗ್ಗೇ ಸರ್. ನಿನ್ನೆ ಹೇಳಿಕೆ ಕೊಡೋಕೆ ಮಂಡಳಿಗೆ ಬಂದಿದ್ಲು," ಎಂದಳು ಕಾನ್‌ಸ್ಟೆಬಲ್ ಬಾಕಾ.

ಅವಳನ್ನು ಕರೆಸಿದರು.

"ಆರೂವರೆಗೆ ಎಲ್ಲಿದ್ದೆ?"

"ಬಸ್ಸಲ್ಲಿ. ಕಳ್ಳರನ್ನ ಹಿಡಿದುಕೊಟ್ಟೋಳು ನಾನು, ನನ್ನನ್ನೇ ಹಿಡ್ಕೊಂಡಿದೀರಿ. ಸುಲಭದ ಕೆಲಸ ಕಣ್ರೀ ನಿಮ್ದು."

ಚಾಲಕ ಹೌದೆಂದ. ಅವಳನ್ನು ಠಾಣೆಯಲ್ಲೇ ಕೂರಿಸಿ ಇಬ್ಬರೂ ಮಂಡಳಿಯ ಅಧ್ಯಕ್ಷ ಡೆಲ್ಬರ್ಟ್ ರಸ್ಕ್‌ನತ್ತ ಓಡಿದರು. ವರ್ಷಗಟ್ಟಲೆ ಶಾಸಕನಾಗಿದ್ದವ. ಗಣಿ ಕಾರ್ಮಿಕನ ಮಗ ಎಂದು ವೋಟು ಕೇಳಿದವ. ತನ್ನೂರು ಕಾಪರ್ ವೆಲ್ಸ್‌ಗೆ ಕ್ಯಾಸಿನೊ ತಂದ ಕಾನೂನು ಅವನದೇ. ಈಗ ಅದರ ಕಾವಲೂ ಅವನದೇ. ಹೋಟೆಲಿನಲ್ಲಿ ಆಪಲ್ ಪೈ ತಿನ್ನುತ್ತಿದ್ದ.

"ಕಪಾಟಿನ ಬೀಗದ ಕೈ ಯಾರ ಹತ್ರ ಇದೆ ಸರ್?"

"ನನ್ನ ಹತ್ರ. ಇರೋದು ಒಂದೇ. ಯಾವಾಗ್ಲೂ ಜೇಬಲ್ಲೇ."

"ಕದ್ದೋರು ಬೀಗ ಒಡೆದಿಲ್ಲ."

ರಸ್ಕ್ ಪೈ ಅರ್ಧಕ್ಕೇ ಬಿಟ್ಟು ದಡಕ್ಕನೆ ಎದ್ದ. ಚಪ್ಪಾಳೆ ತಟ್ಟಿದ. ಅಂಗೈಗಳು ತಾವಾಗಿಯೇ ಮೇಲೆದ್ದು ತಿರುಗಿದವು. ಬಾಕಾ ಅವನ ಕೈಗಳನ್ನೇ ನೋಡಿದಳು. ಅವನೂ ತನ್ನ ಕೈ ನೋಡಿಕೊಂಡ.

"ಶಾಸಕರಾಗೋ ಮುಂಚೆ ಏನ್ ಮಾಡ್ತಿದ್ರಿ?"

"ಬೇರೆ ಕಡೆ ಕ್ಯಾಸಿನೊದಲ್ಲಿ ಇಸ್ಪೀಟು ಹಂಚ್ತಿದ್ದೆ," ಎಂದ ರಸ್ಕ್. "ಚುನಾವಣೆ ಪೋಸ್ಟರಲ್ಲಿ ಅದನ್ನ ಹಾಕಿರ್ಲಿಲ್ಲ."

ಕಾರಿನಲ್ಲಿ ಕೋಟು ಸಿಕ್ಕಿತು, ಕೋಟಿನಲ್ಲಿ ದಾಳಗಳು. ಬೇಡಿ ಬಿತ್ತು.

ಠಾಣೆಯ ಬೆಂಚಿನ ಮೇಲೆ ಲೊರೆಟ್ಟಾ ಇನ್ನೂ ಕೂತಿದ್ದಳು. ರಸ್ಕ್ ಅವಳನ್ನು ನೋಡದೆ ಟ್ಯಾಕೆಟ್‌ಗೆ ಹೇಳಿದ, "ಗಣಿ ಮುಚ್ಚಿದಾಗ ಊರಿಗೆ ಮಾತು ಕೊಟ್ಟಿದ್ದೆ, ಕೆಲಸ ತರ್ತೀನಿ ಅಂತ. ದಾಳ ಸಾಬೀತಾದ್ರೆ ಕ್ಯಾಸಿನೊಗೆ ಬೀಗ. ನಮ್ಮೂರಿನ ಜನ ಎಲ್ಲಿಗೆ ಹೋಗ್ಬೇಕು?"

ಲೊರೆಟ್ಟಾ ಎದ್ದು ನಿಂತಳು.

"ನಾನೂ ನಿಮ್ಮೂರೋಳೇ, ರಸ್ಕ್ ಅವ್ರೇ."