ಮೂರನೇ ಸಲ ವಾಪಸಾದ ಅರ್ಜಿ

“ಫೋಟೋದಾಗ ಕಿವಿ ಕಾಣವಲ್ದು, ಪೂರ್ವಿ ಮೇಡಮ್. ಬ್ಯಾರೆ ತೆಗಿಸ್ಕೊಂಡು ಬರ್ರಿ,” ಎಂದು ಭೀಮಾಶಂಕರ ನನ್ನ ಅರ್ಜಿಯನ್ನು ಮೂರನೇ ಸಲ ವಾಪಸು ಕೊಟ್ಟ.

“ಕಿವಿ ಯಾಕ್ರೀ? ಶಾಸನ ಓದೋಕೆ ಕಣ್ಣು ಸಾಲಲ್ವಾ?”

“ನಿಯಮ ಐತ್ರಿ.”

ಹೈದರಾಬಾದಿನಲ್ಲಿ ಆಗ ಸಾಫ್ಟ್‌ವೇರ್ ಕೆಲಸ ಸುಲಭವಾಗಿ ಸಿಗುತ್ತಿತ್ತು. ಕುಷಾಯಿಗೂಡದ ಈ ಪ್ರಾಂತೀಯ ಇತಿಹಾಸ ಸಂಘದ ಸದಸ್ಯತ್ವ ಮಾತ್ರ ಸಿಗುತ್ತಿರಲಿಲ್ಲ. ಮೊದಲ ಸಲ, ನೀಲಿ ಇಂಕು ನಡೆಯದು ಎಂದ. ಎರಡನೇ ಸಲ, ಅಂಟಿಸಿದ್ದ ಫೋಟೋ ಎಲ್ಲೋ ಉದುರಿ ಹೋಗಿದೆ ಎಂದ. ಈಗ ಕಿವಿ!

ಆಫೀಸಿನಲ್ಲಿ ನಾನೊಂದು ಬ್ಯಾಡ್ಜ್ ನಂಬರು. ಈ ಸಂಘದ ದಪ್ಪ ರಿಜಿಸ್ಟರಿನಲ್ಲಾದರೂ ನನ್ನ ಹೆಸರಿರಲಿ ಎಂಬ ಆಸೆ. ಅದಕ್ಕೇ ನಾಲ್ಕು ತಿಂಗಳಿಂದ ಭಾನುವಾರದ ನಿದ್ದೆ ಬಿಟ್ಟು, ಗಚ್ಚಿಬೌಲಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಸಂಘದ ಕಾರ್ಯದರ್ಶಿ ಈ ಭೀಮಾಶಂಕರ, ಗುಲ್ಬರ್ಗದ ಮನುಷ್ಯ. ವಾರವೆಲ್ಲ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು, ಭಾನುವಾರ ಹಳೆಯ ಕಲ್ಲುಗಳ ಬೆನ್ನು ಹತ್ತುತ್ತಿದ್ದ.

ಅಂದು ಹೊಸ ಲೇಔಟೊಂದರ ಗೋಡೆಯ ಪಕ್ಕ ನಿಂತಿದ್ದ ಶಾಸನದ ಅಚ್ಚನ್ನು ಕಾಗದದ ಮೇಲೆ ಮಸಿಯಲ್ಲಿ ತೆಗೆಯಬೇಕಿತ್ತು. ಕಲ್ಲಿಗೆ ಒದ್ದೆ ಕಾಗದ ಹಚ್ಚಿ ಬ್ರಷ್ಷಿನಿಂದ ಬಡಿಯತೊಡಗಿದೆ.

“ಮೆಲ್ಲಕ ಬಡೀರಿ. ಕಲ್ಲಿನ ಮ್ಯಾಲೆ ಯಾಕ ಸಿಟ್ಟು?”

“ಸಿಟ್ಟು ಕಲ್ಲಿನ ಮೇಲಲ್ಲ.”

ಅವನ ಮೀಸೆಯಂಚಿನಲ್ಲಿ ನಗು ಸುಳಿಯಿತು. ಡಬ್ಬಿ ತೆರೆಯುವಾಗ ನನ್ನ ಕೆನ್ನೆಗೆ ಹತ್ತಿದ್ದ ಮಸಿಯನ್ನೇ ನೋಡುತ್ತಿದ್ದವನು, ನಾನು ತಿರುಗಿದ್ದೇ ತಡ, ಮಸಿ ಡಬ್ಬಿಯ ಮುಚ್ಚಳವನ್ನು ಬಹಳ ಗಂಭೀರವಾಗಿ ಒರೆಸತೊಡಗಿದ. ಇಂಥವೇ ನೋಟಗಳು ನನ್ನನ್ನು ಮುಂದಿನ ಭಾನುವಾರದವರೆಗೆ ಕಾಡುತ್ತಿದ್ದವು. ಅರ್ಜಿಯ ವಿಷಯ ಬಂತೋ, ಮತ್ತೆ ಅದೇ ಕಲ್ಲುಮುಖ.

ತಡೆಯಲಾಗಲಿಲ್ಲ. ಬ್ರಷ್ಷು ಕೆಳಗಿಟ್ಟೆ.

“ನಮ್ಮ ಟೀಮಿನ ರೋಹಿತನಿಗೆ ಒಂದೇ ದಿನದಲ್ಲಿ ಸದಸ್ಯತ್ವದ ಕಾರ್ಡು ಕೊಟ್ರಿ. ಅವನ ಫೋಟೋದಲ್ಲಿ ಕಿವಿ ಹಾಗಿರಲಿ, ಅರ್ಧ ಮುಖ ಟೋಪಿಯೊಳಗಿದೆ!”

“ಕೊಟ್ಟೇನ್ರಿ. ಆಮ್ಯಾಲೆ ಅವರು ಎಷ್ಟು ಸಲ ಬಂದಾರ, ಹೇಳ್ರಿ?”

ರೋಹಿತ ಆಮೇಲೆ ಒಂದು ಸಲವೂ ಬಂದಿರಲಿಲ್ಲ.

“ನಿಮ್ಮ ಕಂಪನಿ ಮಂದಿ ಎಲ್ಲಾ ಹಂಗ. ಕಾರ್ಡ್ ಸಿಕ್ಕ ದಿನಾನ ಕಡೀ ದಿನ. ಅದಕ್ಕ...”

“ಅದಕ್ಕೆ?”

“ನಿಮಗ ಕೊಡಾಕ ಧೈರ್ಯ ಆಗ್ಲಿಲ್ರಿ.”

ಗೋಡೆಯಾಚೆ ಕಾಂಕ್ರೀಟ್ ಮಿಕ್ಸರ್ ಗರಗರ ತಿರುಗುತ್ತಿತ್ತು. ನನ್ನ ಎದೆಯಲ್ಲೂ ಅದೇ ಸದ್ದು. ಖುಷಿಪಡಬೇಕಿತ್ತು ನಾನು, ಬಂದದ್ದು ಮಾತ್ರ ಅಳುವಿನಂಥ ಸಿಟ್ಟು.

“ಎರಡು ಬಸ್ಸು, ಮೂರು ಫೋಟೋ, ನಾಲ್ಕು ತಿಂಗಳು! ‘ಬರ್ತಾ ಇರಿ’ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ?”

“ಹೇಳಿದ್ರ ಬರತಿದ್ರೇನು?”

“ನಾನು ಬರ್ತಿದ್ದದ್ದು ಬರೀ ಕಲ್ಲು ನೋಡೋಕೆ ಅಂದ್ಕೊಂಡ್ರಾ?”

ಅವನ ಕಿವಿ ಕೆಂಪಾದವು. ನಾನು ಅರ್ಜಿಯನ್ನು ಅವನ ಮುಂದೆ ಹಿಡಿದೆ.

“ಮೊದಲು ಸಹಿ ಹಾಕಿ.”

“ಹಾಕಿದ್ರ, ಮುಂದಿನ ಐತವಾರ?”

“ಬರ್ತೀನಿ. ನಿಮ್ಮ ಮೇಲಿನ ಸಿಟ್ಟು ಇನ್ನೂ ಬೇಕಾದಷ್ಟಿದೆ.”

ಪೆನ್ನಿಗಾಗಿ ಅವನು ಅಂಗಿಯ ಜೇಬಿಗೆ ಕೈ ಹಾಕಿದ. ಪೆನ್ನಿನ ಜೊತೆ ಪುಟ್ಟದೊಂದು ಫೋಟೋ ಜಾರಿ ಮಣ್ಣಿಗೆ ಬಿತ್ತು. ನನ್ನದೇ, ಎರಡನೇ ಅರ್ಜಿಯಿಂದ ಎಲ್ಲೋ ಉದುರಿ ಹೋಗಿದ್ದದ್ದು. ಅದರಲ್ಲಿ ಎರಡೂ ಕಿವಿ ಸ್ಪಷ್ಟವಾಗಿ ಕಾಣುತ್ತಿದ್ದವು.