ವೀಳ್ಯದೆಲೆಯ ಹಸಿರು

"ನನ್ನ ಹಸಿರನ್ನ ಅಳಿಸಿದ್ದು ನೀವೇನಾ?"

ಸೌಮ್ಯಶ್ರೀಗೆ ತನ್ನ ದನಿಯೇ ಹೊಸದೆನಿಸಿತು!

ಹೆಸರು ಹೇಳಿ ಬಾಗಿಲಲ್ಲಿ ನಿಂತ ಮೃತ್ಯುಂಜಯ ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ಒಂಟಿಕೊಪ್ಪಲಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದವನು ಪ್ರೇಮಲೀಲಾ ನಡೆಸುವ ಈ ಪುಟ್ಟ ವೆಬ್ ಆಫೀಸಿಗೆ ಬಂದದ್ದು ಇಂದೇ ಮೊದಲು. ಅವಳ ಕೋಡಿನ ಪಕ್ಕ ಅವನು ಬರೆಯುತ್ತಿದ್ದ ಟಿಪ್ಪಣಿಗಳಷ್ಟೇ ಇಬ್ಬರ ಪರಿಚಯ. 'ಈ ಹಸಿರು ಚೆಂದ ಇದೆ ಕಣ್ರೀ' ಎಂದು ಅವನು ಬರೆದ ದಿನ ಅವಳು ಊಟವನ್ನೇ ಮರೆತಿದ್ದಳು...

ಅಂಥವನು ಇಂದು ಸೀರೆ ಅಂಗಡಿಯ ವೆಬ್‌ಸೈಟಿನಿಂದ ಆ ಬಣ್ಣದ ಕೋಡ್ ಸಾಲುಗಳನ್ನೆಲ್ಲ ಕಿತ್ತುಹಾಕಿದ್ದ!

ಅಗ್ರಹಾರದ ಅಂಗಡಿಯಲ್ಲಿ ನೀರು ಚಿಮುಕಿಸಿಟ್ಟ ವೀಳ್ಯದೆಲೆಯ ಹಸಿರು ಅದು. ಮತ್ತೆ ಮತ್ತೆ ಹೋಗಿ ನೋಡಿ ಹೊಂದಿಸಿದ್ದಳು. ಟಿಪ್ಪಣಿಯಲ್ಲಿ ಅವನಿಗೂ ಅದನ್ನು ತಿಳಿಸಿದ್ದಳು. ಅಳಿಸಿದ ಸಾಲುಗಳು ಕಂಡದ್ದೇ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದಳು.

"ಬೇರೆ ಕೆಲಸಕ್ಕೆ ಹಾಕಿ ಅಂತ ಪ್ರೇಮಲೀಲಾ ಮೇಡಂಗೆ ಹೇಳಿದ್ದೀನಿ." ಅವಳ ಕಣ್ಣು ತುಂಬಿತು.

"ಅಯ್ಯೋ, ಪೂರ್ತಿ ನೋಡ್ಲಿಲ್ವೇನ್ರೀ? ಪುಟ ತೆಗೀರಿ ಒಂದ್ಸಲ!"

ತೆರೆದಳು. ಹಸಿರು ಅಲ್ಲೇ ಇತ್ತು...

"ಅಲ್ಲಲ್ಲಿದ್ದ ಸಾಲು ತೆಗೆದು, ನಿಮ್ಮ ಬಣ್ಣಕ್ಕೊಂದು ಹೆಸರಿಟ್ಟು, ಎಲ್ರೂ ಬಳಸೋ ಡಿಸೈನ್ ಟೋಕನ್ ಮಾಡ್ದೆ. ಬಟನ್ನು, ಬಿಲ್ಲು, ಆ್ಯಪು... ಎಲ್ಲಾನೂ ಇನ್ಮೇಲೆ ಆ ಒಂದೇ ಕಡೆಯಿಂದ ತಗೊಳ್ಳುತ್ತೆ. ಒಂದ್ಚೂರು ಬದಲಾಯಿಸಿ ನೋಡಿ."

ಬಣ್ಣವನ್ನು ತುಸು ಎಳೆಯದಾಗಿಸಿದಳು. ಪುಟಗಳೆಲ್ಲ ಒಟ್ಟಿಗೇ ಚಿಗುರಿದವು!

'ನಾನು ಆರಿಸಿದ್ದು... ಎಲ್ಲ ಕಡೆ!'

"ಮೊದ್ಲೇ ಹೇಳ್ಬಾರ್ದಿತ್ತಾ?"

"ಎದುರಿಗೇ ಹೇಳೋಣ ಅಂತ ಓಡಿ ಬಂದೆ. ನೀವು ಬಾಗಿಲಲ್ಲೇ ಹಿಡ್ಕೊಂಡ್ಬುಟ್ರಿ!"

ಒಳಗಿನಿಂದ ಪ್ರೇಮಲೀಲಾ ಕೂಗಿದರು. "ಸೌಮ್ಯಾ, ಬೇರೆ ಕೆಲಸ ಕೊಡ್ಲೇನಮ್ಮಾ?"

"ಬೇಡ ಮೇಡಂ!"

ಉತ್ತರ ಬೇಗ ಬಂತು... ತೀರಾ ಬೇಗ. ಅವಳ ಕೆನ್ನೆ ಕೆಂಪಾಯಿತು.

ಅವನು ದನಿ ತಗ್ಗಿಸಿದ. "ಟೋಕನ್‌ಗೆ ನಿಮ್ಮ ಹೆಸರೇ ಇಡೋ ಆಸೆ ಇತ್ತು. ಆದ್ರೆ ಬಣ್ಣದ ಹೆಸರು ಅದರ ಕೆಲಸ ಹೇಳ್ಬೇಕು ಅನ್ನೋ ನಿಯಮ ನಾನೇ ಮಾಡ್ಬುಟ್ಟಿದ್ದೀನಿ. 'ಮುಖ್ಯ ಬಣ್ಣ' ಅಂತ ಇಟ್ಟೆ. ನನಗೆ ಮಾತ್ರ... ಎರಡೂ ಒಂದೇ."

ಅವಳ ಎದೆಯಲ್ಲೇನೋ ಹಗುರಾಯಿತು.

"ಆ ಎಲೆ ಅಂಗಡಿ ತೋರಿಸ್ತೀರಾ?" ಅವನು ಕೇಳಿದ.

"ಸಂಜೆ ಹೋಗೋಣ."

"ಎಲೆ ನಿಮ್ಮದು. ಅಡಿಕೆ ನಾನು ತರ್ಲಾ?"

ಎಲೆ ಅಡಿಕೆ ಬದಲಾಯಿಸಿಕೊಂಡರೆ ಮದುವೆ ಗೊತ್ತಾದಂತೆಯೇ! ನಾಚಿ ತಲೆ ತಗ್ಗಿಸಿದಳು. ಆದರೆ ಬೇಡವೆನ್ನಲಿಲ್ಲ.

"ಅಡಿಕೆನ ನಮ್ಮನೆಗೇ ತಗೊಂಡ್ಬನ್ನಿ... ಈಗ ಮೊದ್ಲು ಆ ಹೆಲ್ಮೆಟ್ ತೆಗೀರಿ. ನಿಮ್ಮ ಮುಖಾನೇ ನಾನಿನ್ನೂ ಸರಿಯಾಗಿ ನೋಡಿಲ್ಲ!"