ಅಫಜಲಪುರದ ಒಬ್ಬ, ವಯಸ್ಸು ಇಪ್ಪತ್ತೊಂಬತ್ತು

ಅಫಜಲಪುರದಲ್ಲಿ ಗೌರಾಬಾಯಿಯವರ ಬಾಗಿಲು ಬಡಿಯುವ ಮುಂಚೆ ಎರಡು ಸಲ ಬಸ್‌ಸ್ಟ್ಯಾಂಡಿಗೆ ವಾಪಸ್ ಹೋಗಿದ್ದೆ. ನಾನು ಮಾಡಿದ್ದು ಅಂಥ ಕೆಲಸ.

ಕಾರವಾರದಿಂದ ಹಾಯಿದೋಣಿಯಲ್ಲಿ ಹನ್ನೆರಡು ದಿನ. ಮೀನುಗಾರರ ಜೊತೆ ಹಗ್ಗ ಎಳೆಯುವುದು, ಪಾತ್ರೆ ತೊಳೆಯುವುದು, ಕಡಲು ಅವರಿಗೆ ಏನು ಅಂತ ಕೇಳಿ ಬರೆದುಕೊಳ್ಳುವುದು. ಅದೇ ನಮ್ಮ ಸಂಶೋಧನೆ. ದಡದಲ್ಲಿ ಬಾಯಿ ಬಿಡದವರೂ ನೀರಿನ ಮೇಲೆ ಮನಸ್ಸು ಬಿಚ್ಚುತ್ತಾರೆ. ತಂಡಕ್ಕೆ ಹೊಸದಾಗಿ ಸೇರಿದ್ದ ಸಂಕೇತನೂ ಬಿಚ್ಚಿದ.

"ಗಾಣಗಾಪುರದ ಮೃಣಾಲಿನಿ ಇಲ್ಲಿ? ನಾ ಅಫಜಲಪುರದಾಂವ!" ಎಂದು ಮೊದಲ ದಿನ ನನ್ನ ಹೆಸರು, ಊರು ಕೇಳಿ ನಕ್ಕವನು, ಮೂರನೆಯ ದಿನ ನನ್ನ ಪಕ್ಕ ಹಗ್ಗ ಹಿಡಿದು ಮುಖ ಆಚೆ ತಿರುಗಿಸಿದ.

"ನನಗ ನೀರಂದ್ರ ಅಂಜಿಕಿ. ಅಪ್ಪ ಭೀಮಾ ನದ್ಯಾಗ ಹೋದ. ಅವ್ವಗ ಆಫೀಸ್ ಕೆಲಸ ಅಂತ ಸುಳ್ಳು ಹೇಳೇನಿ. ನಾಳೆ ದಡ ಸಿಕ್ಕರ ಇಳಿದು ಹೋಗ್ತೇನಿ."

ಅವನ ಕಿವಿ ಕೆಂಪಾಗಿತ್ತು. ಆ ಕಿವಿಯನ್ನೇ ನೋಡುತ್ತ ನಾನು ಸೋತುಹೋದೆ. ಆದರೂ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಥೂ!

ವರದಿಯಲ್ಲಿ ಹೆಸರು ಮುಚ್ಚಿಟ್ಟೆ, ದೊಡ್ಡ ಜಾಣೆಯಂತೆ. 'ಅಫಜಲಪುರದ ಒಬ್ಬ, ವಯಸ್ಸು ಇಪ್ಪತ್ತೊಂಬತ್ತು.' ಅಫಜಲಪುರದಿಂದ ಹೋಗಿ ಹಾಯಿದೋಣಿ ಹತ್ತಿದವರು ಇನ್ನೆಷ್ಟು ಜನ? ವರದಿ ಪೇಪರಿನಲ್ಲಿ ಬಂದ ದಿನವೇ ಅದು ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಹರಿದಾಡಿತು. ಅಂದಿನಿಂದ ಸಂಕೇತ ನನ್ನ ಫೋನ್ ಎತ್ತಲಿಲ್ಲ.

ಬಾಗಿಲು ತೆರೆದವರು ಅವನ ತಾಯಿ ಗೌರಾಬಾಯಿಯೇ. "ಗಂಡನ್ನ ನುಂಗಿದ ನೀರಿನ ಮ್ಯಾಲ ಮಗ ಕುಂತಾನ ಅಂತ ನಾ ಪೇಪರ್‌ನಾಗ ಓದಬೇಕೇನವ್ವಾ?"

ತಲೆ ಎತ್ತಲಾಗಲಿಲ್ಲ. "ತಪ್ಪಾಗ್ಯಾದ್ರಿ ಅವ್ವಾರ. ಅಂವ ನನ್ನ ನಂಬಿ ಹೇಳಿದ್ದ. ಕೇಳದ ಬರದೆ."

ಅವರು ಬಾಗಿಲನ್ನು ಪೂರ್ತಿ ತೆರೆದರು. "ಕುಂದ್ರು. ಚಾ ಇಡ್ತೇನಿ," ಎಂದು ಒಳಗೆ ಹೋದರು.

ಸಂಕೇತ ಬಂದ. "ಬರ್ರಿ ಮೇಡಂ," ಎಂದ. ಆ ಗೌರವ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅತ್ತುಬಿಟ್ಟೆ.

ಅವನ ದನಿ ತಗ್ಗಿತು. "ಹನ್ನೆರಡು ದಿನ ಎಲ್ಲಾರ್ನೂ ಏನೇನೋ ಕೇಳಿದಿ. ಇಳಿದು ಹೋಗ್ತೇನಿ ಅಂದಾಂವ ಯಾಕ ಇಳೀಲಿಲ್ಲ ಅಂತ ಒಮ್ಮೆರ ಕೇಳಿದೇನು?"

"ಯಾಕ?"

"ಹುಚ್ಚಿ, ದೋಣ್ಯಾಗ ನೀ ಇದ್ದಿ."

ಕಣ್ಣೊರೆಸಿಕೊಳ್ಳಲು ಕರ್ಚೀಫು ಹುಡುಕಿದರೆ ಕೈಗೆ ಪೆನ್ನು ಬಂತು. ನಾಚಿಕೆಯಿಂದ ಸತ್ತೇ ಹೋದೆ. ಅವನು ನಗುತ್ತ ಅದನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ.

ಇಷ್ಟನ್ನು ಬರೆಯುವ ಮುಂಚೆ ಅವನ ಅಪ್ಪಣೆ ಕೇಳಿದ್ದೇನೆ. "ಬರಿ. ಈ ಸಲ ಹೆಸರೂ ಹಾಕು," ಎಂದ.

"ಹಂಗ ನನ್ನ ಸೊಸಿ ಯಾರಂತನೂ ಹಾಕು," ಎಂದರು ಗೌರಾಬಾಯಿ ಅಡುಗೆಮನೆಯಿಂದ.